ಮ್ಯೂಟ್‌ನಲ್ಲಿ ಉಳಿದ ಗಂಗವ್ವನ ಪ್ರಶ್ನೆ

ಮೊನ್ನೆ ಮೊನ್ನೆ ನಮ್ಮ ಪಡಸಾಲೆಯಲ್ಲಿ ಒಂದು ಪರೀಕ್ಷೆ ನಡೆಯಿತು. ಕುಳಿತವಳು ಗಂಗವ್ವ. ಬೆವತವಳು ನಾನು.

ಗಂಗವ್ವ ನನ್ನ ಮಗಳ ಸ್ಕೂಲ್ ವ್ಯಾನಿನ ಆಯಾ. ನಮ್ಮ ನರೇಗಲ್‌ನಿಂದ ಗಜೇಂದ್ರಗಡದ ಶಾಲೆಗೆ ಹೋಗಿಬರುವ ಹಳದಿ ವ್ಯಾನಿನಲ್ಲಿ ಹಿಂದಿನ ಬಾಗಿಲ ಪಕ್ಕದ ಸೀಟು ಅವಳದು. ಕೊರೊನಾ ಬರುವ ಮೊದಲು ಅವಳ ಕೆಲಸಕ್ಕೆ ಯಾವ ತರಬೇತಿಯೂ ಇರಲಿಲ್ಲ. ಮಕ್ಕಳ ಕಂಕುಳಿಗೆ ಕೈಹಾಕಿ ಎತ್ತುವುದು, ಇಳಿಸುವುದು, ಸೆರಗಿನಿಂದ ಮೂಗು ಒರೆಸುವುದು, ಕೈಹಿಡಿದು ರಸ್ತೆ ದಾಟಿಸಿ ಹೊಸ್ತಿಲ ತನಕ ಬಿಟ್ಟುಹೋಗುವುದು. (ಅಷ್ಟೂ ಮಕ್ಕಳ ಮೂಗಿಗೆ ಒಂದೇ ಸೆರಗು! ನಾನು ಆಗಲೂ ಗೊಣಗುತ್ತಿದ್ದೆ.)

ಶಾಲೆ ಮುಚ್ಚಿದಾಗ ನನ್ನ ಮಗಳು ಸೃಷ್ಟಿ ಎಲ್‌ಕೆಜಿ. ತೆರೆಯುವಾಗ ಒಂದನೇ ಕ್ಲಾಸ್. ಶಾಲೆ ಶುರುವಾಗುತ್ತದೆ ಎಂಬ ಸುದ್ದಿ ಬಂದದ್ದೇ ತಡ, ತಾಯಂದಿರ ವಾಟ್ಸಾಪ್ ಗ್ರೂಪಿನಲ್ಲಿ ಗದ್ದಲವೆದ್ದಿತು. ಡ್ರೈವರ್ ಲಸಿಕೆ ಹಾಕಿಸಿಕೊಂಡಿದ್ದಾನಾ? ಸೀಟು ಒರೆಸುತ್ತಾರಾ? ಆಯಾ ಮಕ್ಕಳನ್ನು ಮೈಮೇಲೆ ಹಾಕಿಕೊಂಡು ಕೂತರೆ ಗತಿ ಏನು? ಎಲ್ಲರಿಗಿಂತ ಉದ್ದದ ಮೆಸೇಜ್ ಹಾಕಿದ್ದು ನಾನೇ. ಎರಡನೇ ಅಲೆಯಲ್ಲಿ ನಮ್ಮ ಓಣಿ ಕಂಡದ್ದನ್ನು ಕಂಡ ಮೇಲೆ ಯಾವ ತಾಯಿ ಸುಮ್ಮನಿದ್ದಾಳು?

ಶಾಲೆಯವರು ಉತ್ತರಿಸಿದರು. ವ್ಯಾನಿನವರಿಗೆಲ್ಲ ಆನ್‌ಲೈನ್ ಸುರಕ್ಷತಾ ತರಬೇತಿ. ಪಾಸಾದವರಿಗೆ ಮಾತ್ರ ಕೆಲಸ. ನಾವು ಸಾಲುಸಾಲಾಗಿ ಚಪ್ಪಾಳೆ ಒತ್ತಿದೆವು.

ಮರುದಿನ ಗಂಗವ್ವ ನಮ್ಮ ಬಾಗಿಲಲ್ಲಿದ್ದಳು. "ಅಕ್ಕಾರ, ನಂದು ಗುಂಡಿ ಫೋನ್ರಿ. ನಿಮ್ಮ ಫೋನಿನ್ಯಾಗ ಆ ಟ್ರೇನಿಂಗ್ ತೋರಸ್ತೀರೇನ್ರಿ? ಪಾಸ್ ಆಗಲಿಲ್ಲಂದ್ರ ಕೆಲಸ ಇಲ್ಲಂತ. ಇಷ್ಟು ದಿನ ಉಳ್ಳಾಗಡ್ಡಿ ಕೀಳಾಕ ಹೋಗಿ ನಡಾ ಬಿದ್ದು ಹೋಗೇತ್ರಿ."

ತರಬೇತಿಯ ದಿನ ಇಳಕಲ್ ಸೀರೆ ಉಟ್ಟು, ಹೂ ಮುಡಿದು ಬಂದಳು. ಫೋನಿನಲ್ಲಿ ಸಾಹೇಬರು ನೋಡುತ್ತಾರಲ್ಲ! ಹಿಟ್ಟಿನ ಡಬ್ಬಿಗೆ ಫೋನು ಆನಿಸಿ ನಿಲ್ಲಿಸಿದೆ. ಅವಳು ಚಾಪೆಯ ಮೇಲೆ, ನಾನು ಮಾಸ್ಕ್ ಹಾಕಿಕೊಂಡು ಬಾಗಿಲ ಹತ್ತಿರ.

ಯಾವುದೋ ದೊಡ್ಡ ಊರಿನಿಂದ ಸರ್ ಒಬ್ಬರು ಓದತೊಡಗಿದರು. "ಯಾವುದೇ ಸಂದರ್ಭದಲ್ಲೂ ಮಕ್ಕಳನ್ನು ಸ್ಪರ್ಶಿಸತಕ್ಕದ್ದಲ್ಲ."

ಗಂಗವ್ವ ಫೋನಿನ ಹತ್ತಿರ ಸರಿದಳು. "ಸರ್, ವ್ಯಾನಿನ ಪಾವಟಿಗಿ ಎತ್ತರ ಐತ್ರಿ. ಸಣ್ಣ ಹುಡುಗೂರ್ನ ಹ್ಯಾಂಗ ಇಳಸೂದ್ರಿ? ರಸ್ತೆ ಹ್ಯಾಂಗ ದಾಟಸೂದ್ರಿ?"

ಸರ್ ಮುಂದಿನ ನಿಯಮಕ್ಕೆ, ಸ್ಯಾನಿಟೈಸರ್ ಕಡೆಗೆ ಹೊರಟುಹೋದರು.

"ಗಂಗವ್ವ, ಅದು ಮ್ಯೂಟ್ ಐತಿ. ನೀವು ಅಂದದ್ದು ಅವರಿಗೆ ಕೇಳಂಗಿಲ್ಲ."

"ಮತ್ತ ಕೇಳೂ ಹಂಗ ಮಾಡ್ರಿ."

"ಎಲ್ಲಾರೂ ಮ್ಯೂಟ್ ಇಡಬೇಕಂತ ಮೊದಲಽ ಹೇಳ್ಯಾರ. ನಡುವ ಮಾತಾಡಿದ್ರ ಹೊರಗ ಹಾಕ್ತಾರ. ಸುಮ್ನ ಕೂಡ್ರಿ."

ಖರೇ ಹೇಳಬೇಕೆಂದರೆ, ಮುಟ್ಟಬಾರದೆಂಬ ನಿಯಮ ನನಗೆ ಹಿತವಾಗಿಯೇ ಇತ್ತು.

ಕೊನೆಗೆ ಪ್ರಶ್ನೆಗಳು ಬಂದವು. ಮಗು ಅತ್ತರೆ ಏನು ಮಾಡಬೇಕು? "ಎತ್ಗೋಬೇಕು, ಮತ್ತೇನ್ರಿ?" ಎಂದಳು. ನಾನು ಅಲ್ಲವೆಂದು ತಲೆಯಾಡಿಸಿ "ದೂರ ನಿಂತು ಸಮಾಧಾನಪಡಿಸಬೇಕು" ಎಂಬುದನ್ನು ಒತ್ತಿದೆ. ಅಂತೂ ಪಾಸ್! ಸರ್ಟಿಫಿಕೇಟ್ ಬಂದಾಗ ಗಂಗವ್ವ ನನ್ನ ಫೋನನ್ನು ಕಣ್ಣಿಗೊತ್ತಿಕೊಂಡಳು. (ಅವಳು ಹೋದ ಮೇಲೆ ಅದನ್ನು ಸ್ಯಾನಿಟೈಸರ್ ಹಾಕಿ ಒರೆಸಿದೆ. ನಗಬೇಡಿ, ನೀವೂ ಒರೆಸುತ್ತಿದ್ದಿರಿ.)

ಶಾಲೆಯ ಮೊದಲ ದಿನ ಬೆಳಿಗ್ಗೆ ಸೃಷ್ಟಿಯನ್ನು ನಾನೇ ಎತ್ತಿ ವ್ಯಾನಿನಲ್ಲಿ ಕೂರಿಸಿದೆ. ಆಮೇಲೆ ದಿನವಿಡೀ ಗಡಿಯಾರ ನೋಡಿದೆ. ಮಾಸ್ಕ್ ತೆಗೆದಳೋ? ಯಾರದೋ ಬಾಟಲಿಯ ನೀರು ಕುಡಿದಳೋ? ಸಂಜೆ ನಮ್ಮ ಮನೆಯ ಗೇಟಿನಲ್ಲಿ ನಿಂತಾಗಲೂ ತಲೆಯಲ್ಲಿ ಅದೇ. ನನ್ನ ಹೆದರಿಕೆಯೆಲ್ಲ ಕಣ್ಣಿಗೆ ಕಾಣದ ವೈರಸ್ಸಿನದು.

ವ್ಯಾನು ರಸ್ತೆಯ ಆಚೆ ಬದಿಗೆ ನಿಂತಿತು. ಗಂಗವ್ವ ಮೊದಲು ಇಳಿದಳು. ಮಾಸ್ಕ್, ಅದರ ಮೇಲೆ ಪ್ಲಾಸ್ಟಿಕ್ ಪರದೆ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು. ಸೃಷ್ಟಿ ಬಾಗಿಲಲ್ಲಿ ನಿಂತು, ಹಳೇ ರೂಢಿಯಂತೆ ಎರಡೂ ತೋಳು ಚಾಚಿದಳು. ಗಂಗವ್ವ ಕೈ ಕೊಡಲಿಲ್ಲ.

"ನೀನಽ ಇಳಿಯವಾ, ಸಾವಕಾಶ."

ಮಗು ಕೂತು, ಜಾರಿ, ಹೇಗೋ ಇಳಿಯಿತು. ನನ್ನನ್ನು ಕಂಡಿತು. ಹಿಡಿಯುವ ಕೈಯಿರಲಿಲ್ಲ. "ಮಮ್ಮೀ" ಎಂದು ಓಡಿಯೇಬಿಟ್ಟಿತು.

ಗದಗ ಕಡೆಯಿಂದ ಉಳ್ಳಾಗಡ್ಡಿ ಲಾರಿ ಬರುತ್ತಿತ್ತು. ವ್ಯಾನಿನ ಹಿಂದಿನಿಂದ ಓಡಿಬಂದ ಮಗುವಿಗೆ ಅದು ಕಾಣುವಂತಿರಲಿಲ್ಲ. ನನಗೆ ಕಾಣುತ್ತಿತ್ತು. ಕೂಗಲು ಬಾಯಿ ತೆರೆದೆ, ಧ್ವನಿ ಹೊರಡಲಿಲ್ಲ.

ಗಂಗವ್ವ ಹಾರಿಬಂದು ಮಗುವಿನ ಪಾಟಿಚೀಲಕ್ಕೆ ಕೈಹಾಕಿ ಎಳೆದಳು. ಇಬ್ಬರೂ ಡಾಂಬರಿನ ಮೇಲೆ ಬಿದ್ದರು, ಗಂಗವ್ವನ ಮುಖದ ಪರದೆ ಕಳಚಿ ಹಾರಿತು. ಲಾರಿ ಹಾರ್ನ್ ಬಾರಿಸುತ್ತ ಹೋಯಿತು.

ನಾನು ರಸ್ತೆ ದಾಟಿದ್ದು ನನಗೆ ನೆನಪಿಲ್ಲ. ಹೋಗಿ ನೋಡಿದರೆ ಸೃಷ್ಟಿ ಅವಳ ತೊಡೆಯ ಮೇಲೆ ಅಳುತ್ತಿದ್ದಾಳೆ. ಗಂಗವ್ವನ ಮೊಣಕೈ ತರಚಿ ರಕ್ತ. ಆ ಕೈಯಿಂದಲೇ ಮಗುವನ್ನು ಎದೆಗೆ ಅವುಚಿಕೊಂಡಿದ್ದಾಳೆ. ನನ್ನನ್ನು ಕಂಡದ್ದೇ ತಡ, ಕೆಂಡ ಮುಟ್ಟಿದವಳಂತೆ ಮಗುವನ್ನು ಬಿಟ್ಟಳು. ಕೈಮುಗಿದಳು.

"ತಪ್ಪಾತ್ರಿ ಅಕ್ಕಾರ, ಮುಟ್ಟಿಬಿಟ್ಟೆ. ಸಾಲ್ಯಾಗ ಹೇಳಬ್ಯಾಡ್ರಿ, ಕೆಲಸ ತಗೀತಾರ."

ನನ್ನ ಮಗಳನ್ನು ಉಳಿಸಿದ ಹೆಂಗಸು ನನಗೇ ಹೆದರುತ್ತಿದ್ದಳು. ನಾಚಿಕೆಯಿಂದ ನನಗೆ ಅಳು ಬಂತು. ಅವಳ ಕೈ ಹಿಡಿದುಕೊಂಡೆ.

ನಾನು ಶಾಲೆಗೆ ಹೇಳಲಿಲ್ಲ. ಹೇಳುವವರಿಗೇನು ಬರವೇ? ಅಂದು ರಾತ್ರಿಯೇ ಗ್ರೂಪಿನಲ್ಲಿ ಇನ್ನೊಬ್ಬ ತಾಯಿಯ ಮೆಸೇಜ್. "ಆಯಾ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡದ್ದನ್ನು ದಾರಿಯಲ್ಲಿ ನೋಡಿದೆ, ಮುಖದ ಪರದೆಯೂ ಇರಲಿಲ್ಲ. ತರಬೇತಿ ಕೊಟ್ಟು ಏನು ಉಪಯೋಗ?" ಕೆಳಗೆ ಸಾಲುಸಾಲಾಗಿ ಕೆಂಪು ಸಿಟ್ಟಿನ ಮುಖಗಳು. ನಡೆದದ್ದನ್ನು ನಾನು ಟೈಪ್ ಮಾಡಿದೆ, ಕಳಿಸದೆ ಅಳಿಸಿದೆ. ಗಂಗವ್ವನನ್ನು ಸದ್ಯಕ್ಕೆ ವ್ಯಾನಿನಿಂದ ಇಳಿಸಿದ್ದಾರೆ. ಆ ಸೀಟು ಈಗ ಖಾಲಿ. ಸೃಷ್ಟಿ ದಿನಾ ಕೇಳುತ್ತಾಳೆ, "ಗಂಗವ್ವಾಯಿ ಯಾಕ ಬರವಲ್ಲಳು?"

ನಾಳೆ ಪೋಷಕರ ಆನ್‌ಲೈನ್ ಮೀಟಿಂಗ್. ಅವಳನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬುದು ಅಲ್ಲೇ ತೀರ್ಮಾನವಂತೆ. ಎಲ್ಲರೂ ಮ್ಯೂಟ್‌ನಲ್ಲಿರಬೇಕು ಎಂದು ಮೊದಲೇ ಸೂಚನೆ ಬಂದಿದೆ.

ಈ ಸಲವೂ ಇರಲೇ?