ಗಜೇಂದ್ರಗಡದಲ್ಲಿ ಒಂದು ನಂಬರು ಕಾಣೆಯಾದ ಮಧ್ಯಾಹ್ನ

ಕರೆಂಟು ಹೋಗಬಹುದಿತ್ತು. ಕರೆಂಟು ಹೋದ ಹೊತ್ತಿಗೇ ಯುಪಿಎಸ್ ಕೂಡ ಕೈಕೊಡಬಹುದಿತ್ತು. ಅರ್ಧ ಬೀಗ ಬಿದ್ದ ಹಾರ್ಡ್ ಡಿಸ್ಕು ತೆರೆಯಲೂ ಬಾರದೆ ಮುಚ್ಚಲೂ ಬಾರದೆ ಕಲ್ಲಾಗಿ ಕೂತುಬಿಡಬಹುದಿತ್ತು. ಪಾಸ್‌ವರ್ಡು ಮರೆತುಹೋಗಬಹುದಿತ್ತು, ಮರೆಯಬಾರದೆಂದು ಬರೆದಿಟ್ಟ ಚೀಟಿ ಪ್ಯಾಂಟಿನ ಜೇಬಿನಲ್ಲೇ ಉಳಿದು ಒಗೆತಕ್ಕೆ ಹೋಗಬಹುದಿತ್ತು. ಸಿ.ಡಿ.ಗೆ ಗೀರು ಬಿದ್ದಿರಬಹುದಿತ್ತು. ಬಸ್ಸಿನಲ್ಲಿ ಯಾರಾದರೂ ನನ್ನ ಚೀಲದ ಮೇಲೆ ಕೂತುಬಿಡಬಹುದಿತ್ತು. ಇಂಟರ್‌ನೆಟ್ ಲೈನು ಕಡಿಯಬಹುದಿತ್ತು. ಒಬ್ಬರ ನಂಬರು ಇನ್ನೊಬ್ಬರ ಸಿಮ್ಮಿಗೆ ಹೋಗಿ, ನರಗುಂದದ ಬೀಗರ ಬೈಗುಳವನ್ನು ರೋಣದ ಯಾವನೋ ಬಡಪಾಯಿ ಕೇಳಿಸಿಕೊಳ್ಳಬಹುದಿತ್ತು. ಇವೆಲ್ಲ ಒಂದೇ ದಿನ ಒಟ್ಟಿಗೇ ಆಗಬಹುದಿತ್ತು. ಹೊರಡುವ ಹಿಂದಿನ ದಿನ ಊಟಕ್ಕೆ ಕೂತು ಇದನ್ನೆಲ್ಲ ಒಂದೊಂದಾಗಿ ಹೇಳಿಕೊಂಡಾಗ ನನ್ನ ಹೆಂಡತಿ, “ನಿಮ್ಮ ಚಿಂತಿಗೆ ಒಂದು ಐತವಾರನೂ ಇಲ್ಲೇನ್ರಿ? ರೊಟ್ಟಿ ಆರಾಕತ್ತೈತಿ, ತಿನ್ರಿ” ಎಂದಿದ್ದಳು.

ಅದು 2008ನೇ ಇಸವಿ, ಮದುವೆಗಳ ಕಾಲ. ಗದಗಿನಲ್ಲಿ ಒಂದು ಮೊಬೈಲ್ ಕಂಪನಿಯ ವಿತರಕರ ಕಚೇರಿಯಲ್ಲಿ ನಾನು ಸಿಸ್ಟಂ ಅಡ್ಮಿನಿಸ್ಟ್ರೇಟರ್. ಹುದ್ದೆಯ ಹೆಸರು ಉದ್ದ. ಕೆಲಸ ಇಷ್ಟೇ: ನರಗುಂದ, ರೋಣ, ಗಜೇಂದ್ರಗಡದ ಸೇವಾ ಕೇಂದ್ರಗಳಲ್ಲಿ ತಲಾ ಒಂದರಂತಿದ್ದ ಕಂಪ್ಯೂಟರುಗಳು ಉಸಿರಾಡುತ್ತಿರುವಂತೆ ನೋಡಿಕೊಳ್ಳುವುದು. ಮೇಲಿನ ಕಚೇರಿಯಿಂದ ಎರಡು ಸಿ.ಡಿ. ಬಂದಿದ್ದವು. ಎರಡನ್ನೂ ಒಂದೇ ದಿನ, ಮೂರೂ ಊರಲ್ಲಿ ಹಾಕಬೇಕೆಂದು ಆದೇಶ.

ಮೊದಲನೆಯದು ಸಿಮ್ ನಿರ್ವಹಣೆಯ ತಂತ್ರಾಂಶದ ಹೊಸ ಆವೃತ್ತಿ. ಗಿರಾಕಿಯ ಸಿಮ್ ಕೆಟ್ಟರೆ ಅಥವಾ ಕಳೆದರೆ, ಅದೇ ನಂಬರನ್ನು ಹೊಸ ಸಿಮ್ಮಿಗೆ ವರ್ಗಾಯಿಸುವ ಕೆಲಸ ಅದರದು. ಹಳೆಯ ಸಿಮ್ಮಿನಲ್ಲಿದ್ದ ಹೆಸರು, ನಂಬರುಗಳನ್ನೂ ಹೊಸದಕ್ಕೆ ನಕಲು ಮಾಡಿಕೊಡುತ್ತಿತ್ತು. ಎರಡನೆಯದು ಡಿಸ್ಕ್ ಎನ್‌ಕ್ರಿಪ್ಶನ್. ಗಿರಾಕಿಗಳ ಫೋಟೊ, ವಿಳಾಸದ ದಾಖಲೆಗಳೆಲ್ಲ ಕಂಪ್ಯೂಟರಿನಲ್ಲಿರುತ್ತಿದ್ದವಲ್ಲ, ನಾಳೆ ಕಳ್ಳರು ಕಂಪ್ಯೂಟರನ್ನೇ ಹೊತ್ತೊಯ್ದರೂ ಪಾಸ್‌ವರ್ಡು ಇಲ್ಲದೆ ಒಂದಕ್ಷರ ಓದಲಾಗದಂತೆ ಇಡೀ ಡಿಸ್ಕಿಗೆ ಬೀಗ ಜಡಿಯುವ ವಿದ್ಯೆ ಅದು. ಬೀಗ ಪೂರ್ತಿ ಬೀಳಲು ಹಲವು ತಾಸು ಬೇಕು. ನಡುವೆ ಕರೆಂಟು ಹೋದರೂ ಚಿಂತೆಯಿಲ್ಲ, ಬಿಟ್ಟಲ್ಲಿಂದ ಮುಂದುವರಿಯುತ್ತದೆ ಎಂದು ಹೊಸ ಆವೃತ್ತಿಯ ಕೈಪಿಡಿ ಹೇಳಿತ್ತು. “ಚಿಂತೆಯಿಲ್ಲ” ಎಂದು ಯಾರಾದರೂ ಬರೆದದ್ದನ್ನು ಓದಿದರೆ ನನಗೆ ಚಿಂತೆ ಹೆಚ್ಚಾಗುತ್ತದೆ.

ಹೀಗಾಗಿ ನಾನೇ ಒಂದು ನಿಯಮ ಮಾಡಿದೆ. ಬೀಗ ಬೀಳುತ್ತಿರುವಷ್ಟು ಹೊತ್ತು ಕೇಂದ್ರದವರು ಯಂತ್ರ ಬಿಟ್ಟು ಏಳಕೂಡದು. ಕರೆಂಟು ಹೋಗಿ ಯುಪಿಎಸ್ ಕೂಗಿದೊಡನೆ ಕೆಲಸವನ್ನು ಕ್ರಮವಾಗಿ ನಿಲ್ಲಿಸಿ ಕಂಪ್ಯೂಟರ್ ಆರಿಸಬೇಕು. ಬೆಳಿಗ್ಗೆ ನರಗುಂದದಲ್ಲಿ ಎರಡೂ ಸಿ.ಡಿ. ಹಾಕಿ, ಬೀಗದ ಕೆಲಸ ಶುರುಮಾಡಿ, ಅಲ್ಲಿನ ಆಪರೇಟರ್ ವೀರಣ್ಣನಿಗೆ ಹೇಳಿದೆ, “ಭೂಕಂಪ ಆದ್ರೂ ಏಳಬ್ಯಾಡ.” ವೀರಣ್ಣ ನನಗಿಂತ ಹತ್ತು ವರ್ಷ ಚಿಕ್ಕವನು, ಹೇಳಿದ್ದನ್ನು ಹೇಳಿದಂತೆಯೇ ಮಾಡುವ ಮನುಷ್ಯ. “ಆತ್ರಿ ಸರ್. ಚಾಕ್ಕರ ಏಳಬೌದಿಲ್ರಿ?” ಎಂದ. “ಚಾ ಇಲ್ಲೇ ತರಿಸಿಕೊ” ಎಂದು ಬಸ್ಸು ಹತ್ತಿದೆ.

ರೋಣದಲ್ಲಿ ನಾನು ಅಂಜಿದ್ದೇ ಆಯಿತು. ಬೀಗದ ಕೆಲಸ ಶುರುವಾದ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಯುಪಿಎಸ್ ಕೂಗಿತು. ಬಾಣಂತಿಯ ಹಣೆ ಮುಟ್ಟಿ ನೋಡುವ ಹಾಗೆ ನಾನು ಅದರ ಮೇಲೆ ಅಂಗೈಯಿಟ್ಟು ನಿಂತೆ. ಕ್ರಮವಾಗಿ ನಿಲ್ಲಿಸಿದೆವು. ಕರೆಂಟು ಬಂದ ಮೇಲೆ ಹಚ್ಚಿದರೆ ಕೈಪಿಡಿ ಹೇಳಿದ ಹಾಗೆಯೇ ಬಿಟ್ಟಲ್ಲಿಂದ ಮುಂದುವರಿಯಿತು. ಸಮಾಧಾನವಾಗಬೇಕಿತ್ತು. ಆದರೆ ಇಷ್ಟು ಸುಲಭವಾಗಿ ಒಂದು ಗಂಡಾಂತರ ಕಳೆದಿದೆಯೆಂದರೆ ದೊಡ್ಡದು ಮುಂದೆಲ್ಲೋ ಕಾದಿದೆ ಎಂದುಕೊಳ್ಳುತ್ತ, ದಾರಿಯ ನಡುವಿನ ಸೂಡಿ ಊರು ದಾಟುವವರೆಗೂ ಬಸ್ಸಿನಲ್ಲಿ ಚೀಲ ತಬ್ಬಿಕೊಂಡೇ ಕೂತಿದ್ದೆ.

ಗಜೇಂದ್ರಗಡದ ಕೇಂದ್ರವನ್ನು ಶಿವಲೀಲಾ ನಡೆಸುತ್ತಿದ್ದರು. ಮೂರೂ ಊರುಗಳಲ್ಲಿ ಗಿರಾಕಿಗಳ ಗಲಾಟೆಗೆ ಬೆವರದವರೆಂದರೆ ಅವರೊಬ್ಬರೇ. ಅಲ್ಲಿ ಸಿಮ್ ಬದಲಿಸುವ ಕೆಲಸ ಹೆಚ್ಚೆಂದು ಹೊಸ ಆವೃತ್ತಿಯ ಜೊತೆಗೆ ಒಂದು ಹೊಸ ಕಾರ್ಡ್ ರೀಡರನ್ನೂ ಕಳಿಸಿದ್ದರು. ಸಿಮ್ಮನ್ನು ತೂರಿಸಿದರೆ ಅದರೊಳಗಿನದನ್ನು ಓದಿ ಕಂಪ್ಯೂಟರಿಗೆ ತಿಳಿಸುವ ಸಣ್ಣ ಪೆಟ್ಟಿಗೆ. ಹಳೆಯದು ಮೇಜಿನ ಮೇಲೆ ಮಲಗಿರುತ್ತಿತ್ತು, ಸಿಮ್ಮಿನ ಸಂದು ಪಕ್ಕದಲ್ಲಿ; ಅದು ಕೆಟ್ಟು ಆಗಲೇ ಗದಗಿಗೆ ವಾಪಸಾಗಿತ್ತು. ಇದು ನೆಟ್ಟಗೆ ನಿಲ್ಲುವಂಥದ್ದು, ಸಂದು ನೆತ್ತಿಯ ಮೇಲೆ. ಸಿ.ಡಿ. ಹಾಕುವ ಮುನ್ನ ಶಿವಲೀಲಾ ಮೇಜಿನ ಖಾನೆಯಿಂದ ವಿಭೂತಿ, ಕುಂಕುಮ ತೆಗೆದರು.

“ಹೊಸಾದು ಬಂದೈತಿ ಸರ್ರ. ಹಂಗ ಬೋಳಹಣಿಲೇ ಚಾಲೂ ಮಾಡಬಾರದ್ರಿ.”

ಮಾನಿಟರಿಗೆ, ಯುಪಿಎಸ್‌ಗೆ, ಕೊನೆಗೆ ರೀಡರಿಗೆ ವಿಭೂತಿ ಎಳೆದು ಕುಂಕುಮವಿಟ್ಟರು. ನಮ್ಮ ಕಡೆ ಹೊಸ ಬೈಕು, ಹೊಸ ಮಿಕ್ಸಿ ಯಾವುದೂ ಇದನ್ನು ತಪ್ಪಿಸಿಕೊಳ್ಳುವುದಿಲ್ಲ. ನನಗೆ ದೇವರ ಮೇಲೆ ಇರುವ ನಂಬಿಕೆ ಎಷ್ಟೆಂದು ಹೇಳಲಾರೆ. ಆದರೆ ಮುನ್ನೆಚ್ಚರಿಕೆಯ ಮೇಲೆ ಅಪಾರ. “ಇನ್ನೊಂಚೂರು ಹಚ್ರಿ” ಎಂದೆ. ಅವರು ನಕ್ಕು ರೀಡರಿಗೆ ಇನ್ನೊಂದು ಚಿಟಿಕೆ ಹಚ್ಚಿದರು.

ಎರಡೂ ತಂತ್ರಾಂಶಗಳು ಸದ್ದಿಲ್ಲದೆ ಕೂತವು. ಬೀಗದ ಕೆಲಸ ಶುರುವಾಯಿತು. ಪರದೆಯ ಮೂಲೆಯಲ್ಲಿ ಪರ್ಸೆಂಟು ಆಮೆಯ ಹಾಗೆ ಏರತೊಡಗಿತು. ಆಗ ಬಂದವರು ರಾಜೇಸಾಬರು.

ರಾಜೇಸಾಬರದು ಊರಿನ ಬ್ಯಾಂಡ್ ಕಂಪನಿ. ಸುತ್ತಲಿನ ಹಳ್ಳಿಗಳ ಮದುವೆ ಮೆರವಣಿಗೆಯಲ್ಲಿ ಮುಂದೆ ನಿಂತು ಕ್ಲಾರಿಯೊನೆಟ್ ಊದುವವರು. ಅವರ ಮೊಬೈಲು ಹೊತ್ತು ಹೊತ್ತಿಗೆ “ಸಿಮ್ ಹಾಕಿ” ಎನ್ನುತ್ತಿತ್ತು. ಸಿಮ್ ಸವೆದಿತ್ತು.

“ಅಕ್ಕಾರ, ಲಗೂ ಒಂದು ಹೊಸಾದು ಮಾಡಿಕೊಡ್ರಿ. ಮಗಳು ನರಗುಂದದ ದವಾಖಾನ್ಯಾಗ ಅದಾಳ. ಚೊಚ್ಚಲ ಹೆರಿಗಿ. ಬಿ.ಪಿ. ಏರೈತಿ, ಆಪರೇಶನ್ ಆಗಬೌದು ಅಂದಾರ. ಅಕಿ ಒಂದ ಹಠ ಹಿಡದಾಳ ನೋಡ್ರಿ, ಅಬ್ಬಾನ ಧ್ವನಿ ಕೇಳದ ನಾ ಒಳಗ ಹೋಗಂಗಿಲ್ಲ ಅಂತ.”

“ನೀವು ಅಲ್ಲೇ ಇರಬೇಕಿತ್ತಲ್ರಿ?” ಎಂದೆ. ಬಿ.ಪಿ. ಎಂದೊಡನೆ ನನ್ನದೂ ಏರಿತ್ತು.

“ಸಂಜಿಗೆ ಜಕ್ಕಲಿಯೊಳಗ ಮದುವಿ ಹಿಡದೀವ್ರಿ. ನಮ್ಮ ಮನಿಯಾಕಿ ಅಲ್ಲೇ ಅದಾಳ. ಆಪರೇಶನ್ ಅಂತ ಗೊತ್ತಾದ ಕೂಡಲೇ ಅಳಿಯ ಫೋನ್ ಮಾಡ್ತಾನ.”

ಶಿವಲೀಲಾ ಕೂತರು. ಹೊಸ ಆವೃತ್ತಿಯಲ್ಲಿ ಸಿಮ್ ಬದಲಿಸುವ ಕ್ರಮ ಹೀಗಿತ್ತು: ಮೊದಲು ಹಳೆಯ ಸಿಮ್ಮನ್ನು ನಿಷ್ಕ್ರಿಯಗೊಳಿಸಬೇಕು, ಆಮೇಲೆ ಹೊಸ ಸಿಮ್ಮನ್ನು ರೀಡರಿಗೆ ತೂರಿಸಿ ನಂಬರು ಬರೆಯಬೇಕು. ಶಿವಲೀಲಾ ಮೊದಲನೆಯ ಗುಂಡಿ ಒತ್ತಿದರು. ಹಳೆಯ ಸಿಮ್ ಸತ್ತಿತು. ಹೊಸದನ್ನು ತೂರಿಸಿದರು. ಪರದೆಯ ಮೇಲೆ ಬಂತು: ಕಾರ್ಡ್ ಕಾಣಿಸುತ್ತಿಲ್ಲ.

ತೆಗೆದು ತೂರಿಸಿದರು. ಕಾಣಿಸುತ್ತಿಲ್ಲ. ಇನ್ನೊಂದು ಹೊಸ ಸಿಮ್ ಹಾಕಿದರು. ಅದೂ ಕಾಣಿಸುತ್ತಿಲ್ಲ.

ಈಗ ರಾಜೇಸಾಬರ ನಂಬರು ಹಳೆಯ ಸಿಮ್ಮಿನಲ್ಲೂ ಇಲ್ಲ, ಹೊಸದರಲ್ಲೂ ಇಲ್ಲ. ಎಲ್ಲಿದೆ ಎಂದು ಯಾರಾದರೂ ಕೇಳಿದ್ದರೆ ನನಗೆ ಉತ್ತರ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಕಂಪ್ಯೂಟರಿನ ಜೊತೆ ಬಾಳಿದ ಮೇಲೂ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

“ನಮ್ಮ ಫೋನಿಲೆ ನಿಮ್ಮ ಅಳಿಯಾಗ ಮಾಡ್ರಿ. ನಂಬರ್ ಹೇಳ್ರಿ” ಎಂದರು ಶಿವಲೀಲಾ.

“ಬಾಯಿಪಾಠ ಇಲ್ರೀ ಅಕ್ಕಾರ. ಸಿಮ್ಮಿನ್ಯಾಗ ಐತಿ.”

ಹಳೆಯ ಸಿಮ್ಮನ್ನು ರೀಡರಿಗೆ ಹಾಕಿ ನೋಡಿದೆವು. ಅದೂ ಕಾಣಿಸುತ್ತಿಲ್ಲ. ಮೊಬೈಲಿಗೆ ಹಾಕಿದರೆ ಅದು “ಸಿಮ್ ಹಾಕಿ” ಎಂಬ ಹಳೆಯ ಹಾಡೇ ಹಾಡಿತು.

ತಪ್ಪು ಯಾರದು? ಹೊಸ ಸಿಮ್ ತಂತ್ರಾಂಶದ್ದೋ, ಬೀಗದ ತಂತ್ರಾಂಶದ್ದೋ, ಹೊಸ ರೀಡರಿನದೋ? ಸಿಮ್ ತಂತ್ರಾಂಶದ ಸಹಾಯವಾಣಿಗೆ ಫೋನು ಮಾಡಿದೆ. ಎಲ್ಲ ಕೇಳಿಕೊಂಡ ಹುಡುಗಿ, ಎನ್‌ಕ್ರಿಪ್ಶನ್ ನಡೆಯುತ್ತಿದ್ದರೆ ಅದೇ ಅಡ್ಡ ಬಂದಿರಬೇಕು, ಅದನ್ನು ತೆಗೆದುಬಿಡಿ ಎಂದಳು. ಎನ್‌ಕ್ರಿಪ್ಶನ್‌ನವರಿಗೆ ಮಾಡಿದೆ. ನಮ್ಮದು ಡಿಸ್ಕು ಬಿಟ್ಟು ಬೇರೇನೂ ಮುಟ್ಟುವುದಿಲ್ಲ, ಸಿಮ್ ತಂತ್ರಾಂಶ ತೆಗೆದು ಹೊಸದಾಗಿ ಹಾಕಿ ಎಂದರು. ಬೀಗರಿಬ್ಬರ ಜಗಳದಲ್ಲಿ ಸಿಕ್ಕ ಮಧ್ಯಸ್ಥನ ಹಾಗೆ ಎರಡೂ ಕಿವಿಗೆ ಎರಡು ಫೋನು ಹಿಡಿದು ನಿಂತೆ. ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚೋಣವೆಂದರೆ, ಅರ್ಧ ಬೀಗ ಬಿದ್ದ ಡಿಸ್ಕು ಮತ್ತೆ ಎದ್ದೇಳದಿದ್ದರೆ? ರೋಣದಲ್ಲಿ ಎದ್ದದ್ದು ನೆನಪಿತ್ತು. ರೋಣ ಬೇರೆ, ಗಜೇಂದ್ರಗಡ ಬೇರೆ ಎಂದಿತು ನನ್ನ ತಲೆ.

ರಾಜೇಸಾಬರು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಬೆಂಚಿನ ಮೇಲೆ ಕೂತು, ಸತ್ತ ಮೊಬೈಲನ್ನು ಅಂಗೈಯಲ್ಲಿ ಹಿಡಿದುಕೊಂಡು, “ಅಕಿ ಹಠಮಾರಿ ಅದಾಳ್ರಿ. ನಾ ಎತ್ತಲಿಲ್ಲಂದ್ರ ಖರೇನ ಒಳಗ ಹೋಗಂಗಿಲ್ಲ” ಎಂದರು.

ಶಿವಲೀಲಾ ನನ್ನ ಕಡೆ ತಿರುಗಿದರು. “ಸರ್ರ, ನರಗುಂದದಾಗ ವೀರಣ್ಣ ಅದಾನಲ್ರಿ. ದವಾಖಾನಿ ಅವನ ಸೆಂಟರಿಂದ ಎರಡ ಓಣಿ ದೂರ.”

ವೀರಣ್ಣನಿಗೆ ಫೋನು ಹಚ್ಚಿ ವಿಷಯ ಹೇಳಿ, ದವಾಖಾನೆಗೆ ಹೋಗಿ ಅವನ ಮೊಬೈಲಿನಿಂದಲೇ ಮಗಳನ್ನು ಅಪ್ಪನ ಜೊತೆ ಮಾತಾಡಿಸಲು ಹೇಳಿದೆ. ಅವನು ಗಾಬರಿಯಾದ. “ಸರ್, ಹ್ಯಾಂಗ ಹೋಗ್ಲಿ? ಭೂಕಂಪ ಆದ್ರೂ ಏಳಬ್ಯಾಡ ಅಂದೀರಿ. ಅರ್ಧ ಆಗೈತಿ. ಮುಂಜಾನಿಂದ ಚಾ ಸೈತ ಇಲ್ಲೇ ಕುಡದೇನಿ.”

ಅತ್ತ ನರಗುಂದದ ಸಾವಿರಾರು ಗಿರಾಕಿಗಳ ದಾಖಲೆಗಳಿರುವ ಅರ್ಧಬೀಗದ ಡಿಸ್ಕು. ಇವನು ಎದ್ದ ಹೊತ್ತಿಗೇ ಕರೆಂಟು ಹೋದರೆ ಅದರ ಗತಿ ಏನೋ, ನನ್ನ ನೌಕರಿಯ ಗತಿ ಏನೋ. ಇತ್ತ ಬೆಂಚಿನ ಮೇಲೆ ರಾಜೇಸಾಬರು.

“ಬಿಡೋ ಆ ಮಶೀನು. ಓಡು” ಎಂದೆ. ಹಾಗೆಂದದ್ದು ನಾನೇ ಎಂದು ನನಗೇ ನಂಬಿಕೆ ಬರಲಿಲ್ಲ.

“ಶಾಹೀನ ಅಂತ ಕೇಳಂತ ಹೇಳ್ರಿ. ನಿಮ್ಮ ಅಬ್ಬಾ ಆರಾಮ ಅದಾನ, ಫೋನಷ್ಟ ಕೆಟ್ಟೈತಿ ಅಂತ ಹೇಳಂತ ಹೇಳ್ರಿ” ಎಂದು ರಾಜೇಸಾಬರು ಎದ್ದು ನಿಂತರು.

ಫೋನಿಟ್ಟವನೇ ಕೈ ಸುಮ್ಮನಿರಲಾರದೆ ಹೊಸ ಸಿಮ್ಮನ್ನು ರೀಡರಿನಿಂದ ಕಿತ್ತು ಕರವಸ್ತ್ರದಿಂದ ಉಜ್ಜಿದೆ. ಅದೇ ಕರವಸ್ತ್ರದಿಂದ ಮುಖದ ಬೆವರೂ ಒರೆಸಿಕೊಂಡೆ.

ರಾಜೇಸಾಬರು ಬೆಚ್ಚಿಬಿದ್ದರು. “ಯಾ ಅಲ್ಲಾ! ಸಾಹೇಬ್ರ, ಮೂಗಿನಾಗ ರಕ್ತ!”

ಕರವಸ್ತ್ರ ನೋಡಿಕೊಂಡೆ. ಕೆಂಪಗಿತ್ತು. ಬಿ.ಪಿ. ಏರಿದರೆ ಮೂಗಿನಿಂದ ರಕ್ತ ಬರುತ್ತದೆಂದು ಎಲ್ಲೋ ಓದಿದ್ದೆ. ಕಣ್ಣು ಕತ್ತಲೆಗಟ್ಟಿತು. ಕುರ್ಚಿಯ ಮೇಲೆ ಕುಸಿದೆ. ಮಗಳ ಚಿಂತೆಯಲ್ಲಿದ್ದ ರಾಜೇಸಾಬರೇ ನನಗೆ ನೀರಿನ ತಂಬಿಗೆ ಹಿಡಿದರು. “ತಲಿ ಮ್ಯಾಲೆತ್ರಿ ಸಾಹೇಬ್ರ, ಮ್ಯಾಲೆತ್ರಿ!”

ಶಿವಲೀಲಾ ಹತ್ತಿರ ಬಂದು ನನ್ನ ಮೂಗು ನೋಡಿದರು, ಕರವಸ್ತ್ರ ನೋಡಿದರು, ಬೆರಳಿಗೆ ಹಚ್ಚಿಕೊಂಡು ತಿಕ್ಕಿ ನೋಡಿದರು.

“ಸರ್ರ, ಅದು ರಕ್ತ ಅಲ್ರಿ. ಕುಂಕುಮ.”

ಮೂವರೂ ಒಟ್ಟಿಗೆ ರೀಡರಿನ ಕಡೆ ನೋಡಿದೆವು. ನೆತ್ತಿಯ ಸಂದಿನ ಎರಡೂ ಅಂಚಿಗೆ ಕೆಂಪು ಮೆತ್ತಿತ್ತು. ಶಿವಲೀಲಾ ಅದನ್ನು ಬುಡಮೇಲು ಮಾಡಿ ಮೇಜಿಗೆ ತಟ್ಟಿದರು. ಕೀಬೋರ್ಡ್ ಝಾಡಿಸುವ ಕುಂಚದಿಂದ ಒಳಗೆಲ್ಲ ಕೆದರಿದರು. ಮೇಜಿನ ಮೇಲೆ ಕೆಂಪು ಪುಡಿ ಉದುರಿತು. ಸಿಮ್ಮನ್ನು ಮುಟ್ಟಿ ಓದಬೇಕಾದ ಸಣ್ಣ ಲೋಹದ ಮುಳ್ಳುಗಳ ಮೇಲೆ ಪುಡಿ ಕೂತು, ಅವು ಏನನ್ನೂ ಮುಟ್ಟದಂತಾಗಿತ್ತು. ಸಿಮ್ ತೂರಿಸಿದರು. ಕಾರ್ಡ್ ಕಾಣಿಸಿತು. ನಂಬರು ಬರೆದುಕೊಂಡಿತು.

ಹೊಸ ಸಿಮ್ಮನ್ನು ಮೊಬೈಲಿಗೆ ಹಾಕಿ, ನೆಟ್‌ವರ್ಕಿನ ಗೀಟುಗಳು ಮೂಡುವವರೆಗೆ ಮೂವರೂ ಒಂದೇ ತಲೆಯಾಗಿ ಬಗ್ಗಿ ನೋಡುತ್ತಿದ್ದೆವು. ಗೀಟು ಮೂಡಿದ ಸ್ವಲ್ಪ ಹೊತ್ತಿಗೆ ಫೋನು ಬಡಿದುಕೊಂಡಿತು. ವೀರಣ್ಣ ದವಾಖಾನೆ ಮುಟ್ಟಿದಾಗ ಅಳಿಯ ಬಾಗಿಲ ಬಳಿ ನಿಂತು ಮತ್ತೆ ಮತ್ತೆ ಇದೇ ನಂಬರು ಒತ್ತುತ್ತಿದ್ದನೆಂದು ಆಮೇಲೆ ತಿಳಿಯಿತು. ಈ ಸಲ ಹತ್ತಿತ್ತು. ಆಚೆಯಿಂದ ಕೇಳಿದ್ದು ಅಳಿಯನ ದನಿಯಲ್ಲ. ಮೂರು ಮಾರು ದೂರದಲ್ಲಿದ್ದ ನನಗೂ ಕೇಳುವಷ್ಟು ಜೋರಾಗಿ ಮಗಳು ಅಪ್ಪನನ್ನು ದಬಾಯಿಸುತ್ತಿದ್ದಳು. ರಾಜೇಸಾಬರು ಗೋಡೆಗೆ ಮುಖ ಮಾಡಿ ನಿಂತರು. ಮನೆಮಾತಿನಲ್ಲಿ ಅವರು ಹೇಳಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು: “ಡರ್ ನಕ್ಕೊ ಬೇಟಾ. ಫೋನ್ ಚಾಲೂ ಹೈ.” ಹೆದರಬೇಡ ಮಗಳೇ, ಫೋನು ಚಾಲೂ ಇದೆ ಎಂದು.

ಆಮೇಲೆ ಅವರು ಜಕ್ಕಲಿಗೆ ಹೋಗಲಿಲ್ಲ. ಮದುವೆಯ ಮೆರವಣಿಗೆಯನ್ನು ತಮ್ಮನ ಕೈಗೆ ಒಪ್ಪಿಸಿ, ಸಿಕ್ಕ ಜೀಪು ಹತ್ತಿ ನರಗುಂದಕ್ಕೆ ಹೊರಟರು. ಬಾಗಿಲಲ್ಲಿ ನಿಂತು, “ಸಾಹೇಬ್ರ, ನೀವೂ ಒಮ್ಮೆ ಬಿ.ಪಿ. ತೋರಿಸಿಕೊಳ್ರಿ” ಎಂದರು. ಸಂಜೆ ಕೇಂದ್ರಕ್ಕೆ ಅವರ ಫೋನು ಬಂತು. “ಹೆಣ್ಣು ಹುಟ್ಟೈತ್ರಿ. ಇಬ್ರೂ ಆರಾಮ ಅದಾರ. ಕೂಸಿನ ಧ್ವನಿ ಕೇಳ್ರಿ, ನನ್ನ ಕ್ಲಾರಿಯೊನೆಟ್ಟಿಗಿಂತ ಜೋರ ಐತಿ.” ಶಿವಲೀಲಾ ಅದೇ ಖಾನೆಯಿಂದ ಸಕ್ಕರೆಯ ಡಬ್ಬಿ ತೆಗೆದು ನನ್ನ ಅಂಗೈಗೆ ಹಾಕಿದರು. ನಾನು ಕಂಪ್ಯೂಟರಿನಿಂದ ನಾಲ್ಕು ಹೆಜ್ಜೆ ದೂರ ಹೋಗಿ ತಿಂದೆ.

ಈ ನೌಕರಿ ನನಗೆ ಕಲಿಸಿದ್ದು ಏನೆಂದು ಈಗಲೂ ಕಿರಿಯರು ಕೇಳುತ್ತಾರೆ. ಹೊಸದು ಉಸಿರಾಡುತ್ತಿದೆಯೆಂದು ಖಾತ್ರಿಯಾಗುವವರೆಗೆ ಹಳೆಯದನ್ನು ಸಾಯಿಸಬೇಡಿ ಎನ್ನುತ್ತೇನೆ. ಮರುದಿನದಿಂದ ಮೂರೂ ಕೇಂದ್ರಗಳಲ್ಲಿ, ತಂತ್ರಾಂಶ ಏನೇ ಹೇಳಲಿ, ಮೊದಲು ಹೊಸ ಸಿಮ್ಮನ್ನು ರೀಡರು ಓದುತ್ತದೆಯೇ ನೋಡಿ, ಆಮೇಲೆಯೇ ಹಳೆಯದನ್ನು ನಿಲ್ಲಿಸುವ ರೂಢಿ ಮಾಡಿದೆವು. ಪೂಜೆ ನಿಲ್ಲಿಸಲಿಲ್ಲ, ಕುಂಕುಮ ಮಾತ್ರ ಯಂತ್ರದಿಂದ ಹಿಂದಿನ ಗೋಡೆಗೆ ವರ್ಗವಾಯಿತು. ಚಿಂತೆಯನ್ನೂ ನಾನು ಬಿಡಲಿಲ್ಲ. ಆದರೆ ಅಂದಿನಿಂದ ನನ್ನ ಪಟ್ಟಿಯ ಕೊನೆಗೆ ನನ್ನ ಮುನ್ನೆಚ್ಚರಿಕೆಗಳನ್ನೂ ಸೇರಿಸಿಕೊಳ್ಳುತ್ತೇನೆ.

ಯಾಕೆಂದರೆ ಆ ದಿನ ಕರೆಂಟು ಹೋಗಿ ಬಂತು, ಯುಪಿಎಸ್ ಕೈಕೊಡಲಿಲ್ಲ. ಮೂರು ಡಿಸ್ಕುಗಳಿಗೂ, ಯಾರೂ ಕಾಯದೆ ಬಿಟ್ಟ ನರಗುಂದದ್ದಕ್ಕೂ, ನೆಟ್ಟಗೆ ಬೀಗ ಬಿತ್ತು. ಪಾಸ್‌ವರ್ಡು ನೆನಪಿತ್ತು, ಚೀಟಿಯೂ ಜೇಬಿನಲ್ಲಿತ್ತು. ಬಸ್ಸಿನಲ್ಲಿ ನನ್ನ ಚೀಲದ ಮೇಲೆ ಯಾರೂ ಕೂರಲಿಲ್ಲ. ಅಡ್ಡ ಬಂದದ್ದು ಒಂದು ಚಿಟಿಕೆ ಕುಂಕುಮ. ಅದೂ ನಾನೇ ಹೇಳಿ ಹಚ್ಚಿಸಿದ ಎರಡನೆಯ ಚಿಟಿಕೆ.