ಬಾಳೆಗೊನೆಯ ಕೊಕ್ಕೆ

ತ್ರಿಪ್ಲಿಕೇನಿನ ನಮ್ಮ ಮೆಸ್ಸನ್ನು ಪೆರಂಬೂರಿಗೆ ಸಾಗಿಸಿದ ದಿನ ಸರಪಳಿಗೆ ಕೊಕ್ಕೆ ಸಿಕ್ಕಿಸಿದವನು ನಾನು. ಎಷ್ಟೋ ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ.

ಮೆಸ್ಸು ಅಣ್ಣನದು. ಕುಂದಾಪುರದ ಕಡೆಯಿಂದ ಮೊದಲು ಇಲ್ಲಿಗೆ ಬಂದವನು ಅವನು, ಆಮೇಲೆ ನನ್ನನ್ನು ಕರೆಸಿಕೊಂಡ. ಅವನು ದೋಸೆಕಲ್ಲಿನ ಮುಂದೆ ನಿಂತರೆ ಸುತ್ತಲಿನ ಲಾಡ್ಜುಗಳವರು ತಟ್ಟೆ ಹಿಡಿದು ಅಲ್ಲೇ ಕಾಯುತ್ತಿದ್ದರು. ಕಟ್ಟಡ ಕೆಡವುತ್ತೇವೆಂದು ಮಾಲಿಕರು ಹೇಳಿದ್ದರಿಂದ ಪೆರಂಬೂರಿನಲ್ಲಿ ಬೇರೆ ಜಾಗ ಹಿಡಿದೆವು.

ಪಾತ್ರೆಪಗಡಿಯೆಲ್ಲ ಹೋಗಿ, ಹಿಟ್ಟು ರುಬ್ಬುವ ದೊಡ್ಡ ಗ್ರೈಂಡರ್ ಒಂದು ಉಳಿದಿತ್ತು. ನಾಲ್ಕು ಜನ ಸೇರಿ ಅದನ್ನು ಟೆಂಪೊಗೆ ಏರಿಸಿದೆವು. ಚಾಲಕ ಸರಪಳಿ ಸುತ್ತಿದ. ನೋಡಿದರೆ ಅದರ ತುದಿಯ ಕೊಕ್ಕೆ ಎಲ್ಲೋ ಕಳಚಿ ಬಿದ್ದಿತ್ತು. ಅಂಗಡಿಯಿಂದ ಬೇರೆ ತರುತ್ತೇನೆ, ಸ್ವಲ್ಪ ನಿಲ್ಲಿ ಎಂದು ಅವನು ತಮಿಳಿನಲ್ಲಿ ಹೇಳಿದ. ನನಗೆ ಅವಸರ. ಅಡುಗೆಮನೆಯಲ್ಲಿ ಬಾಳೆಗೊನೆ ತೂಗುಹಾಕುತ್ತಿದ್ದ ಕಬ್ಬಿಣದ ಕೊಕ್ಕೆಯನ್ನು ತಂದು ಸಿಕ್ಕಿಸಿದೆ. ಜಗ್ಗಿ ನೋಡಿದೆ, ಗಟ್ಟಿಯಾಗಿಯೇ ಇತ್ತು.

ಅಣ್ಣ ಹಿಂದೆ ಹತ್ತಿ, ಚಾಲಕನ ಬೆನ್ನ ಹಿಂದಿನ ತಗಡಿಗೆ ಒರಗಿ ಕೂತ.

"ಮುಂದೆ ಬಾ ಅಣ್ಣ, ಜಾಗ ಉಂಟು."

"ಗ್ರೈಂಡರಿಗೊಂದು ಕೈ ಬೇಕಲ್ಲ ಮಾರಾಯ. ನೀನು ಕೂತ್ಕೋ."

ಪೆರಂಬೂರು ಇನ್ನೇನು ಬಂತು ಎನ್ನುವಾಗ ಬಸ್ಸೊಂದು ಅಡ್ಡ ಬಂದು ಟೆಂಪೊ ಗಕ್ಕನೆ ನಿಂತಿತು. ಹಿಂದೆ ದಡಾರನೆ ಸದ್ದು. ಇಳಿದು ಓಡಿದೆ. ಕೊಕ್ಕೆ ನೆಟ್ಟಗಾಗಿ ಸರಪಳಿ ಬಿಚ್ಚಿಹೋಗಿತ್ತು. ಗ್ರೈಂಡರ್ ಜಾರಿ ಅಣ್ಣನ ಬಲಗಾಲಿನ ಮೇಲೆ ಬಿದ್ದಿತ್ತು. ಅವನು ಕೂಗಲಿಲ್ಲ. ಎರಡೂ ಕೈಯಿಂದ ಅದನ್ನು ತಳ್ಳುತ್ತಲೇ ಇದ್ದ.

ಕಾಲು ಉಳಿಯಿತು, ಆದರೆ ಮಂಡಿ ಮಡಚಲು ಬರಲಿಲ್ಲ. ಸ್ವಲ್ಪ ಹೊತ್ತು ನಿಂತರೂ ನೋವಿಗೆ ಮುಖವೆಲ್ಲ ಬೆವರುತ್ತಿತ್ತು. ಹೊಸ ಮೆಸ್ಸಿನ ದೋಸೆಕಲ್ಲಿನ ಮುಂದೆ ಅವನು ಒಂದು ದಿನವೂ ಪೂರ್ತಿ ನಿಲ್ಲಲಿಲ್ಲ. ಕೆಲವು ತಿಂಗಳಾದ ಮೇಲೆ ಅತ್ತಿಗೆ ಅವನನ್ನು ಊರಿಗೆ ಕರೆದುಕೊಂಡು ಹೋದರು. ಸರಪಳಿ ಹೇಗೆ ಬಿಚ್ಚಿತೆಂದು ಅವನು ಕೇಳಲಿಲ್ಲ, ನಾನಾಗಿ ಹೇಳಲೂ ಇಲ್ಲ.

ಎರಡು ವರ್ಷದ ಹಿಂದೆ ಹೊಸ ಗ್ರೈಂಡರ್ ಕೊಂಡೆ. ಅದನ್ನು ತರಿಸುವ ಮೊದಲು ನಾನೇ ಪ್ಯಾರೀಸ್ ಕಾರ್ನರಿಗೆ ಹೋಗಿ ಸರಪಳಿ ಅಂಗಡಿ ಹೊಕ್ಕೆ. ಅಂಗಡಿಯಲ್ಲಿ ನಡುವಯಸ್ಸಿನ ಹೆಂಗಸೊಬ್ಬರಿದ್ದರು. ದಪ್ಪಗೆ ಹೊಳೆಯುವ ಕೊಕ್ಕೆಯೊಂದನ್ನು ಎತ್ತಿಕೊಂಡೆ. "ಅದು ವೇಂಡಾಂ ಸಾರ್" ಎಂದು ಅವರು ಅದನ್ನು ನನ್ನ ಕೈಯಿಂದ ತೆಗೆದಿಟ್ಟರು. ದಪ್ಪ ನೋಡಿ ಕೊಳ್ಳಬಾರದಂತೆ. ಎಷ್ಟು ಭಾರ ತಡೆಯುತ್ತದೆಂಬ ಗುರುತು ಕೊಕ್ಕೆಯ ಮೈಮೇಲೆಯೇ ಅಚ್ಚಾಗಿರಬೇಕು, ಅದು ಸರಪಳಿಯ ಗುರುತಿಗೆ ಹೊಂದಬೇಕು. ಬೆಸುಗೆ ಹಾಕಿದ್ದು, ಬಾಯಿ ಅಗಲವಾದದ್ದು ಬೇಡವೇ ಬೇಡ. ಬಾಯಿಗೆ ಅಡ್ಡಲಾಗಿ ಸ್ಪ್ರಿಂಗಿನ ನಾಲಗೆ ಇರುವ ಒಂದನ್ನು ಕೊಟ್ಟು, ಸರಪಳಿಯ ಕೊಂಡಿ ಕೊಕ್ಕೆಯ ತುದಿಯಲ್ಲಿ ನಿಲ್ಲಬಾರದು, ಒಳಗಿನ ಬಾಗಿನಲ್ಲಿ ಕೂರಬೇಕು ಎಂದು ತೋರಿಸಿದರು. ಇಷ್ಟೆಲ್ಲ ತಿಳಿಯಲು ನನಗೆ ಕಾಲು ಗಂಟೆಯೂ ಹಿಡಿಯಲಿಲ್ಲ.

ಅಂಗಡಿಯ ಮೆಟ್ಟಿಲ ಮೇಲೆಯೇ ನಿಂತು ಅಣ್ಣನಿಗೆ ಫೋನ್ ಮಾಡಿದೆ.

"ಅಣ್ಣ, ಆ ದಿನ ಬಾಳೆಗೊನೆಯ ಕೊಕ್ಕೆ ಹಾಕಿದ್ದು ನಾನು."



"ನಾನೂ ನೋಡಿದ್ದೆ ಮಾರಾಯ. ಸಾಕು ಅಂತ ಕಂಡಿತು. ಅದನ್ನು ಈಗ ಎಂತಕ್ಕೆ ಹೇಳ್ತಿ? ಊಟ ಆಯ್ತಾ?"

ನಿಜವಾಗಿಯೂ ನೋಡಿದ್ದನೋ, ನನ್ನ ಸಮಾಧಾನಕ್ಕೆ ಹಾಗೆಂದನೋ ತಿಳಿಯಲಿಲ್ಲ. ಊರಿಗೆ ಹೋದಾಗ ಕೇಳೋಣವೆಂದುಕೊಂಡೆ. ಹೋದಾಗಲೆಲ್ಲ ಬೇರೆ ಮಾತೇ ಆಯಿತು.

ಹೋದ ವರ್ಷ ಅಣ್ಣ ತೀರಿಕೊಂಡ. ಕಾರ್ಯಗಳೆಲ್ಲ ಮುಗಿಯುವ ದಿನ ಅತ್ತಿಗೆಯನ್ನು ಕೇಳಿದೆ, ಅಣ್ಣ ಆ ಕೊಕ್ಕೆಯ ಬಗ್ಗೆ ಏನಾದರೂ ಹೇಳಿದ್ದನೇ ಎಂದು.

"ಯಾವ ಕೊಕ್ಕೆ? ಅವ್ರು ಆ ದಿನದ ಮಾತೇ ಎತ್ತುತ್ತಿರ್ಲಿಲ್ಲ."

ಊಟಕ್ಕೆ ಜನ ಬರತೊಡಗಿದ್ದರು. ಅತ್ತಿಗೆಯ ಪಕ್ಕದಲ್ಲಿ ಕೂತು ಎಲೆ ಒರೆಸಿದೆ.