ಬಲಮೂಗಿನ ರಾಜೇಶ್ವರಿ

ಬೈರಿದೇವರಕೊಪ್ಪದ ರಾಜೇಶ್ವರಿ ಬ್ಯೂಟಿ ಪಾರ್ಲರ್ ಇಟ್ಟವಳು. ಹುಬ್ಬಳ್ಳಿಯ ಎಷ್ಟೋ ಹುಬ್ಬುಗಳು ಅವಳ ದಾರಕ್ಕೆ ಸಿಕ್ಕು ಸೊಟ್ಟ ಬಿಟ್ಟಿವೆ. ಕನ್ನಡಿಯಿಂದಲೇ ಅನ್ನ ಉಣ್ಣುವ ಇವಳು ಹೋದ ವರ್ಷದಿಂದ ಗಿರಾಕಿ ಇಲ್ಲದಾಗ ಕನ್ನಡಿಗೆ ಟಾವೆಲ್ ಹೊದಿಸತೊಡಗಿದಳು. ಕೇಳಿದವರಿಗೆ ಧೂಳು ಅಂದಳು. ಧೂಳಲ್ಲ, ತಂಗಿ.

ರಾಜೇಶ್ವರಿ, ಭಾಗ್ಯಶ್ರೀ ಅವಳಿ. ಮುಗದದ ಮನೆಯಲ್ಲಿ ಹೆತ್ತವ್ವ ಮುರಿಗೆವ್ವನಿಗೇ ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ಒಬ್ಬಳಿಗೇ ಎರಡು ಸಲ ಹಾಲು ಕುಡಿಸಿ ಇನ್ನೊಬ್ಬಳನ್ನು ಉಪವಾಸ ಕೆಡವಿದ ದಿನ ಆಕೆ ಅಕ್ಕಸಾಲಿಗ ಪತ್ತಾರನನ್ನು ಕರೆಸಿ, ಹಿರಿಯಳಿಗೆ ಬಲಗಡೆ, ಕಿರಿಯಳಿಗೆ ಎಡಗಡೆ ಮೂಗು ಚುಚ್ಚಿಸಿಬಿಟ್ಟಳು. ದೇವರು ಮಾಡದ ಫರಕನ್ನು ಪತ್ತಾರ ಮಾಡಿದ. ಊರವರೂ ಮೊದಲು ಮೂಗು ನೋಡಿ ಆಮೇಲೆ ಮಾತಾಡಿಸುವುದು ಕಲಿತರು. ಎಡಮೂಗಿನಾಕಿಯ ಮೇಲೆ ಅವ್ವನಿಗೆ ಜೀವ ತುಸು ಹೆಚ್ಚು. ರಾಜೇಶ್ವರಿಗೆ ಅದು ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಬೆಳೆದಳು.

ಅಮ್ಮಿನಬಾವಿಗೆ ಕೊಟ್ಟಿದ್ದ ಭಾಗ್ಯಶ್ರೀ ಹೋದ ವರ್ಷ ಕಾಮಣಿಯಾಗಿ, ಮೈಯೆಲ್ಲ ಹಳದಿ ಬಿದ್ದು ತೀರಿಕೊಂಡಳು. ಮಣ್ಣು ಕೊಟ್ಟು ಬಂದು ಪಾರ್ಲರಿನ ಬಾಗಿಲು ತೆಗೆದು ರಾಜೇಶ್ವರಿ ಕನ್ನಡಿ ನೋಡಿದರೆ, ಅಲ್ಲಿ ನಿಂತವಳ ಮೂಗುಬೊಟ್ಟು ಎಡಗಡೆ.

ಕನ್ನಡಿ ಪಾಪ ಏನನ್ನೂ ಅದಲುಬದಲು ಮಾಡುವುದಿಲ್ಲ. ಬಲಗಡೆಯ ಹೊಳಪನ್ನು ಬಲಗಡೆಯೇ ತೋರಿಸುತ್ತದೆ. ಅಲ್ಲೊಬ್ಬಳು ನಮ್ಮ ಕಡೆ ಮುಖ ಮಾಡಿ ನಿಂತಿದ್ದಾಳೆ ಎಂದು ನಾವು ನಂಬಿದರೆ ಮಾತ್ರ ನಮ್ಮ ಬಲ ಅವಳ ಎಡವಾಗುತ್ತದೆ. ರಾಜೇಶ್ವರಿ ನಂಬಿದಳು. ತಂಗಿ ಇದ್ದಷ್ಟು ದಿನ ಕನ್ನಡಿಯಲ್ಲಿ ತನ್ನನ್ನೇ ಕಂಡಿದ್ದವಳಿಗೆ ಈಗ ತಾನು ಕಾಣುವುದೇ ನಿಂತುಹೋಯಿತು.

ಅತ್ತ ಮುಗದದಲ್ಲಿ ಮುರಿಗೆವ್ವನ ನೆನಪು ತೂತುಬಿದ್ದ ಚೀಲದ ಹಾಗೆ ಸೋರುತ್ತಿತ್ತು. ಭಾಗಿ ಬಂದು ಮಾತಾಡಿಸುವ ತನಕ ತುತ್ತು ಮುಟ್ಟುವುದಿಲ್ಲ ಎಂದು ಹಟ ಹಿಡಿದಳು. ಭಾಗಿ ಇಲ್ಲ ಎಂದು ಹೇಳಿದರೆ ಆಗಷ್ಟೇ ಕೇಳಿದವಳ ಹಾಗೆ ಎದೆ ಬಡಿದುಕೊಂಡು ಅಳುವಳು, ಸಂಜೆಗೆ ಮರೆತು ಮತ್ತೆ ಕೇಳುವಳು. ಹೀಗೇ ನಡೆದರೆ ಮುದುಕಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ತಮ್ಮ ಬಸವಕಿರಣ ಅಕ್ಕನಿಗೆ ತಿಳಿಸಿದ.

ರಾಜೇಶ್ವರಿ ವಿಡಿಯೊ ಕಾಲ್ ಹಚ್ಚಿದಳು. ಪರದೆಯ ಮೂಲೆಯ ಸಣ್ಣ ಚೌಕದಲ್ಲಿ ಭಾಗ್ಯಶ್ರೀ ಕೂತಿದ್ದಳು, ಎಡಮೂಗು ಹೊಳೆಯುತ್ತಿತ್ತು. ಧೈರ್ಯ ಬಂತು. ಯವ್ವಾ, ನಾ ಭಾಗಿ ಅಂದಳು.

"ರಾಜಿ, ಚಾಷ್ಟಿ ಮಾಡಬ್ಯಾಡ. ಆಕಿ ಕೈಯಾಗ ಕೊಡು ಫೋನ್" ಅಂದಳು ಮುರಿಗೆವ್ವ.

ಫೋನಿನ ಕಾರಭಾರವೇ ಹಾಗೆ. ನಮ್ಮ ಮುಖವನ್ನು ನಮಗೆ ಕನ್ನಡಿಯ ಹಾಗೆ ತೋರಿಸಿ ಸಮಾಧಾನ ಮಾಡುತ್ತದೆ. ಆ ಕಡೆಯವರಿಗೆ ಮಾತ್ರ ಇದ್ದದ್ದನ್ನು ಇದ್ದ ಹಾಗೆಯೇ ಕಳಿಸುತ್ತದೆ. ಎಲ್ಲ ಮರೆತ ಮುದುಕಿ ಪತ್ತಾರನ ಲೆಕ್ಕ ಒಂದನ್ನು ಮರೆತಿರಲಿಲ್ಲ.

ಮರುದಿನ ಮಧ್ಯಾಹ್ನ ರಾಜೇಶ್ವರಿ ಕನ್ನಡಿಯ ಟಾವೆಲ್ ಎಳೆದಳು. ಫೋನಿನ ಹಿಂದಿನ ಕ್ಯಾಮರಾ ಹಚ್ಚಿ, ಎದೆಮಟ್ಟಕ್ಕೆ ಹಿಡಿದು, ಕನ್ನಡಿಗೆ ತೋರಿಸಿದಳು. ಈಗ ಮುಗದಕ್ಕೆ ಹೊರಟದ್ದು ಅವಳ ಮುಖವಲ್ಲ, ಕನ್ನಡಿಯೊಳಗಿನವಳ ಮುಖ.

ಮುರಿಗೆವ್ವ ಬಹಳ ಹೊತ್ತು ನೋಡಿದಳು.

"ಭಾಗೀ, ಎಷ್ಟ್ ಸೊರಗೀಯಲ್ಲ ನನ್ನವ್ವ. ಎದಿಗೆ ಏನದು, ಕರೇದು ಹಿಡಕೊಂಡು ನಿಂತೀ?"

"ಫೋನ್ ಯವ್ವಾ."

"ಅದನ್ನ ಕೆಳಗಿಟ್ಟು ಒಂದೀಟು ಉಣ್ಣವ್ವ."

ನೀ ಉಂಡರೆ ಉಣ್ಣುತ್ತೇನೆ ಎಂದಳು ಕನ್ನಡಿಯಾಕಿ. ಮುರಿಗೆವ್ವ ಉಂಡಳು.

ಆಮೇಲೆ ದಿನಾ ಮಧ್ಯಾಹ್ನ ಪಾರ್ಲರಿನ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಅವ್ವನ ಮೈಗೆ ರಕ್ತ ಹಿಡಿಯಿತು, ಬಾಯಿಗೆ ಮಾತು. ರಾಜಿಗೆ ಎಂದೂ ಹೇಳದ ಸಂಗತಿಗಳನ್ನೆಲ್ಲ ಭಾಗಿಗೆ ಹೇಳಿದಳು. ರಾಜಿ ಹೇಗಿದ್ದಾಳೆ ಎಂದು ಮಾತ್ರ ಒಮ್ಮೆಯೂ ಕೇಳಲಿಲ್ಲ. ಮೊದಮೊದಲು ರಾಜೇಶ್ವರಿಗೆ ನಗು ಬಂತು. ಬರಬರುತ್ತ ಚುಚ್ಚಿತು; ಪತ್ತಾರ ಚುಚ್ಚಿದ್ದಕ್ಕಿಂತ ಆಳಕ್ಕೆ. ರಜೆಯ ಒಂದು ಮಂಗಳವಾರ ತಡೆಯಲಾರದೆ ಮುಗದದ ಬಸ್ಸು ಹತ್ತಿದಳು.

ಮುರಿಗೆವ್ವ ಪಡಸಾಲೆಯಲ್ಲಿ ಕೂತಿದ್ದಳು. ಹೊಸ್ತಿಲು ದಾಟಿದ ಮಗಳ ಮೂಗು ನೋಡಿದವಳೇ ಹಿಂದಕ್ಕೆ ಸರಿದು ಗೋಡೆಗೆ ಆತುಕೊಂಡಳು.

"ರಾಜಿ, ಯಾಕ ಬಂದಿ?"

"ನಿನ್ನ ನೋಡಾಕ, ಯವ್ವಾ."

"ನಿನಗ ಮಣ್ಣು ಕೊಟ್ಟು ಬಂದೇವಲ್ಲ. ನಾನೂ ಒಂದು ಹಿಡಿ ಹಾಕೇನಿ. ಏನರ ಆಸೆ ಉಳದೈತೇನು?"

ಬಸವಕಿರಣ ಬಾಯಿ ತೆರೆದ. ರಾಜೇಶ್ವರಿ ಕಣ್ಣಲ್ಲೇ ತಡೆದಳು. ಇಬ್ಬರಲ್ಲಿ ಒಬ್ಬಳನ್ನು ಮಣ್ಣು ಮಾಡಿದ್ದು ಅವ್ವನಿಗೆ ಅರೆಬರೆ ನೆನಪಿತ್ತು. ಭಾಗಿಯಂತೂ ದಿನಾ ಮಾತಾಡುತ್ತಾಳೆ. ಹಾಗಾದರೆ ಹೋದವಳು ಯಾರು? ಮುದುಕಿಯ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಈಗ ತಾನು ಬದುಕಿದ್ದೇನೆ ಎಂದರೆ ಭಾಗಿ ಸಾಯುತ್ತಾಳೆ. ಭಾಗಿ ಸತ್ತರೆ ಅವ್ವ ಉಣ್ಣುವುದಿಲ್ಲ.

ಹಸಿವಾಗಿದೆ ಯವ್ವಾ, ಎಂದಳು.

ತಿಂಗಳುಗಟ್ಟಲೆ ಅಡುಗೆಮನೆ ಕಾಣದ ಮುರಿಗೆವ್ವ ಗೋಡೆ ಹಿಡಿದು ಒಳಗೆ ಹೋದಳು. ಹಿರಿಯರಿಗೆ ಎಡೆ ಹಿಡಿಯುವ ಹಾಗೆ ರೊಟ್ಟಿ, ಶೇಂಗಾ ಚಟ್ನಿ ಇಟ್ಟು, ಮೇಲೆ ಕೆನೆಮೊಸರು ಹಾಕಿ, ತಾಟಿಗೆ ಕೈ ಮುಗಿದಳು. ತನಗೆ ಕೆನೆಮೊಸರು ಸೇರುತ್ತದೆ ಎಂಬುದು ಅವ್ವನಿಗೆ ಗೊತ್ತಿದೆ ಎಂದು ರಾಜೇಶ್ವರಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ.

"ಲಗೂ ಉಣ್ಣವ್ವ. ಭಾಗಿ ಫೋನ್ ಮಾಡೋ ಹೊತ್ತಾತು. ನಿನ್ನ ಕಂಡ್ರ ಹೆದರತಾಳ ಆಕಿ."

ರಾಜೇಶ್ವರಿ ತಾಟು ಬರಿದಾಗುವ ತನಕ ಉಂಡಳು. ಎದ್ದು, ರೂಢಿಯಂತೆ ಬರತೇನಿ ಅಂದಳು.

"ಬರತೇನಿ ಅನಬ್ಯಾಡ" ಅಂದಳು ಅವ್ವ, ಬಹಳ ಮೆತ್ತಗೆ. "ಹೋಗತೇನಿ ಅನ್ನು."

ರಾಜೇಶ್ವರಿ ಹಾಗೇ ಅಂದಳು. ಮನೆ ಸುತ್ತಿ ಹಿತ್ತಲ ಬಾಗಿಲಿನಿಂದ ಒಳಕೋಣೆ ಹೊಕ್ಕು, ಕಪಾಟಿನ ಕನ್ನಡಿಯ ಮುಂದೆ ನಿಂತು ಫೋನ್ ಹಚ್ಚಿದಳು. ಗೋಡೆಯಾಚೆ ಪಡಸಾಲೆಯಲ್ಲಿ ರಿಂಗಾಯಿತು. ಅವ್ವನ ದನಿ ಗೋಡೆಯಿಂದಲೂ ಫೋನಿನಿಂದಲೂ, ಒಂದರ ಹಿಂದೆ ಒಂದು ಬಂತು.

"ಭಾಗೀ, ರಾಜಿ ಬಂದಿದ್ಳು. ಉಂಡು ಹೋದ್ಳು."

"ಹೆಂಗಿದ್ಳ, ಯವ್ವಾ?" ಕೇಳಿದಳು ಕನ್ನಡಿಯಾಕಿ.

"ಜೀವ ಇದ್ದಂಗ ಇದ್ಳು."